ವೈದ್ಯವಿದ್ಯಾರ್ಥಿಯ ಮನಸ್ಸಿನ ಉಬ್ಬರ-ಇಳಿತ

ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿ. ಇವೆರಡರ ನಡುವಣ ಕಿರಿದಾದ ನೆಲದಲ್ಲಿ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳು ಒಂದರ ಮಗ್ಗುಲಿಗೊಂದು ಚಾಚಿಕೊಂಡಿವೆ. ವೈದ್ಯರೆಂದರೆ ಇಲ್ಲಿಯ ಜನರಿಗೆ ವಿಶೇಷ ಗೌರವ. ಕುಮಟಾದ ಕಾಲೇಜೊಂದು ಮುಂಬಯಿಯ ಹೆಸರಾಂತ ಶಸ್ತ್ರವೈದ್ಯರಾಗಿದ್ದ ಡಾ. ಎ. ವಿ. ಬಾಳಿಗರ ಹೆಸರನ್ನು ಧರಿಸಿರುವುದನ್ನು ಇಲ್ಲಿ ನೆನೆಯಬಹುದು. ಆದರೆ ಈ ಮೂರು ತಾಲ್ಲೂಕುಗಳಲ್ಲಿ ವೈದ್ಯಕೀಯ ಕಾಲೇಜಿಲ್ಲ. ಕಠಿನವಾದ ಚಿಕಿತ್ಸೆ ಬೇಕಾದಾಗ ರೋಗಿಯನ್ನು ಹೆದ್ದಾರಿಯುದ್ದಕ್ಕೂ ತೆಂಕಣ ದಿಕ್ಕಿಗೆ, ಮಣಿಪಾಲಕ್ಕೋ ಮಂಗಳೂರಿಗೋ ಒಯ್ಯುವುದು ಇಲ್ಲಿ ಹಳೆಯ ರೂಢಿ. ೨೦೨೨ರ ಜುಲೈ ತಿಂಗಳಲ್ಲಿ ಹೊನ್ನಾವರದಿಂದ ಹೀಗೆ ಹೊರಟ ಆಂಬ್ಯುಲೆನ್ಸ್ ಶಿರೂರಿನ ಟೋಲ್‌ಗೇಟಿನ ಬಳಿ ಉರುಳಿ ನಾಲ್ವರು ಮಡಿದಾಗ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಎಲ್ಲೆಡೆಯಿಂದಲೂ ಎದ್ದಿತು.

ಇಂಥ ಸೀಮೆಯಲ್ಲಿ ಮಗನಿಗೋ ಮಗಳಿಗೋ ವೈದ್ಯಕೀಯ ಕಾಲೇಜಿನಲ್ಲಿ ಸೀಟು ದೊರಕಿತೆಂದರೆ ಅದು ಒಂದು ಮನೆಯ ಸಂತೋಷವಾಗಿಯಷ್ಟೇ ಉಳಿಯುವುದಿಲ್ಲ; ಕೇರಿಯ ಸಂತೋಷವಾಗುತ್ತದೆ. ಕೆಲವರು ೧೯೫೩ರಲ್ಲಿ ಆರಂಭವಾದ ಮಣಿಪಾಲದ ಕಾಲೇಜಿಗೆ ಹೋಗುತ್ತಾರೆ. ಕೆಲವರು ಘಟ್ಟವನ್ನೇರಿ ೧೯೫೭ರಲ್ಲಿ ಹುಬ್ಬಳ್ಳಿಯಲ್ಲಿಯೂ ೧೯೬೩ರಲ್ಲಿ ಬೆಳಗಾವಿಯಲ್ಲಿಯೂ ಸ್ಥಾಪಿತವಾದ ಕಾಲೇಜುಗಳಿಗೆ ಹೋಗುತ್ತಾರೆ. ೨೦೧೬ರಿಂದೀಚೆಗೆ ಜಿಲ್ಲೆಯ ಮುಖ್ಯ ಪಟ್ಟಣವಾದ ಕಾರವಾರದಲ್ಲಿಯೇ ಸರ್ಕಾರದ ವೈದ್ಯವಿಜ್ಞಾನ ಸಂಸ್ಥೆ ಇದೆ. ಹೋಗುವಾಗ ಅವರು ಪುಸ್ತಕ ಬಟ್ಟೆಗಳ ಜೊತೆಗೆ ಊರಿನವರೆಲ್ಲರ ನಿರೀಕ್ಷೆಯನ್ನೂ ಹೊತ್ತು ಹೋಗುತ್ತಾರೆ.

ಮುಂದೆ ಪರರ ನೋವನ್ನು ಶಮನಗೊಳಿಸಬೇಕಾದ ಈ ತರುಣ ತರುಣಿಯರ ಮನಸ್ಸು ತರಬೇತಿಯ ಐದಾರು ವರ್ಷಗಳಲ್ಲಿ ಹೇಗಿರುತ್ತದೆ? ಈ ಪ್ರಶ್ನೆಯನ್ನು ವಿಜ್ಞಾನಿಗಳು ಗಂಭೀರವಾಗಿ ಕೇಳಿದ್ದಾರೆ. ದೊರೆತ ಉತ್ತರ ನೆಮ್ಮದಿ ತರುವಂಥದಲ್ಲ. ಆದರೆ ಅದರಲ್ಲಿ ಆಶೆಗೆ ಎಡೆಯುಂಟು.

ಅಂಕಿಗಳನ್ನು ಓದುವ ಬಗೆ

೨೦೧೬ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಒಂದು ವಿಸ್ತಾರವಾದ ವಿಮರ್ಶೆ ಪ್ರಕಟವಾಯಿತು. ೪೭ ದೇಶಗಳಲ್ಲಿ ವೈದ್ಯವಿದ್ಯಾರ್ಥಿಗಳನ್ನು ಕುರಿತು ನಡೆದ ೧೯೫ ಅಧ್ಯಯನಗಳನ್ನು ಅದು ಒಟ್ಟುಗೂಡಿಸಿ ನೋಡಿತು. ಖಿನ್ನತೆ ಅಥವಾ ಖಿನ್ನತೆಯ ಲಕ್ಷಣಗಳು ಕಂಡುಬಂದದ್ದು ಶೇಕಡ ೨೭.೨ ಮಂದಿಯಲ್ಲಿ, ಎಂದರೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. ಬದುಕೇ ಬೇಡವೆಂಬ ಯೋಚನೆ ಶೇಕಡ ೧೧.೧ ಮಂದಿಗೆ ಬಂದಿತ್ತು. ನಮ್ಮ ದೇಶದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮನೋವೈದ್ಯರೊಬ್ಬರ ಅಧ್ಯಕ್ಷತೆಯಲ್ಲಿ ನೇಮಿಸಿದ ಕಾರ್ಯಪಡೆ ೨೦೨೪ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಅದರ ಪ್ರಶ್ನಾವಳಿಗೆ ಉತ್ತರಿಸಿದ ೨೫,೫೯೦ ಪದವಿ ವಿದ್ಯಾರ್ಥಿಗಳಲ್ಲಿ ಶೇಕಡ ೨೭.೮ ಮಂದಿ ತಮಗೆ ಮಾನಸಿಕ ತೊಂದರೆಯುಂಟೆಂದು ತಿಳಿಸಿದರು. ಬದುಕು ಬೇಡವೆನಿಸಿದುದನ್ನು ಹೇಳಿಕೊಂಡವರು ಪದವಿ ವಿದ್ಯಾರ್ಥಿಗಳಲ್ಲಿ ಶೇಕಡ ೧೬.೨, ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಶೇಕಡ ೩೧.೨.

ಕರ್ನಾಟಕದ ಒಂದು ವೈದ್ಯಕೀಯ ಕಾಲೇಜಿನ ೪೦೦ ವಿದ್ಯಾರ್ಥಿಗಳನ್ನು ಕುರಿತು ೨೦೧೨ರಲ್ಲಿ ಪ್ರಕಟವಾದ ಅಧ್ಯಯನವಾದರೋ ಖಿನ್ನತೆಯ ಪ್ರಮಾಣವನ್ನು ಶೇಕಡ ೭೧.೨೫ ಎಂದು ಹೇಳುತ್ತದೆ. ಒಂದೆಡೆ ೨೭, ಇನ್ನೊಂದೆಡೆ ೭೧! ಇವುಗಳಲ್ಲಿ ಯಾವುದು ನಿಜ?

ಎರಡೂ ನಿಜವೇ. ಈ ಬಗೆಯ ಅಧ್ಯಯನಗಳಲ್ಲಿ ವಿದ್ಯಾರ್ಥಿಯ ಕೈಗೆ ಒಂದು ಪ್ರಶ್ನಾವಳಿಯನ್ನು ಕೊಡುತ್ತಾರೆ. 'ಕಳೆದ ಎರಡು ವಾರಗಳಲ್ಲಿ ಯಾವ ಕೆಲಸದಲ್ಲಿಯೂ ಆಸಕ್ತಿ ಇಲ್ಲದಂತಾಗಿತ್ತೇ? ನಿದ್ರೆ ಕೆಟ್ಟಿತ್ತೇ?' ಎಂಬಂಥ ಪ್ರಶ್ನೆಗಳಿಗೆ ಅವನು ಉತ್ತರ ಬರೆಯುತ್ತಾನೆ. ಬಹಳವಾಗಿ ಬಳಕೆಯಲ್ಲಿರುವ ಒಂದು ಪ್ರಶ್ನಾವಳಿಯಲ್ಲಿ ಒಂಬತ್ತು ಪ್ರಶ್ನೆಗಳಿವೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು ೨೭. ಹತ್ತು ಅಥವಾ ಅದಕ್ಕೂ ಹೆಚ್ಚು ಅಂಕ ಬಂದರೆ ವೈದ್ಯರು ವಿಚಾರಿಸಿ ನೋಡತಕ್ಕದ್ದೆಂದು ಸಾಮಾನ್ಯ ನಿಯಮ. ಪ್ರಶ್ನಾವಳಿ ಒಂದು ಜರಡಿಯಿದ್ದಂತೆ. ಜರಡಿಯ ಕಣ್ಣು ಸಣ್ಣದಾದಷ್ಟೂ ಅದರಲ್ಲಿ ನಿಲ್ಲುವ ಕಾಳು ಹೆಚ್ಚು. ಕರ್ನಾಟಕದ ಆ ಅಧ್ಯಯನದಲ್ಲಿ ಬೇರೆಯದೇ ಆದ ಒಂದು ಪ್ರಶ್ನಾವಳಿಯನ್ನು ಬಳಸಿದ್ದರು; ಅದರ ಜರಡಿಯಲ್ಲಿ ನಿಂತವರಲ್ಲಿ ಐವರಲ್ಲಿ ನಾಲ್ವರದು ಸೌಮ್ಯ ಅಥವಾ ಮಧ್ಯಮ ತರದ ಖಿನ್ನತೆ. ಆಯೋಗದ ಸಮೀಕ್ಷೆಗೆ ಉತ್ತರಿಸಿದವರಾದರೋ ಸ್ವ ಇಚ್ಛೆಯಿಂದ ಉತ್ತರಿಸಿದವರು. ಆದ್ದರಿಂದ ಇಂಥ ಅಂಕಿಗಳನ್ನು ರೋಗಿಗಳ ಎಣಿಕೆಯೆಂದು ತಿಳಿಯಬಾರದು. ಎಷ್ಟು ಮಂದಿಯ ವಿಷಯದಲ್ಲಿ ವಿಚಾರಿಸಿ ನೋಡುವುದು ಅವಶ್ಯವೆಂಬುದರ ಸೂಚನೆಯೆಂದು ತಿಳಿಯಬೇಕು. ಹಾಗೆ ತಿಳಿದರೂ ಆ ಸಂಖ್ಯೆ ಅಲಕ್ಷಿಸುವಂಥದಲ್ಲ.

ದೇಹದೊಳಗಿನ ಕಾವಲು

ಭಯವೂ ಆತಂಕವೂ ಹುಟ್ಟಿನಿಂದಲೇ ದೋಷಗಳಲ್ಲ. ಯಕ್ಷಗಾನದ ವೇಷಧಾರಿ ಚೌಕಿಯಿಂದ ರಂಗಸ್ಥಳಕ್ಕೆ ಹೊರಡುವ ಗಳಿಗೆಯಲ್ಲಿ ಅವನ ಎದೆ ಬಡಿದುಕೊಳ್ಳುವುದುಂಟು, ಅಂಗೈ ಬೆವರುವುದುಂಟು. ಮೊದಲ ಹೆಜ್ಜೆ ಹಾಕಿದ ಮೇಲೆ ಆ ಕಳವಳವೇ ಚುರುಕಾಗಿ ಪರಿಣಮಿಸುತ್ತದೆ. ಇದರ ರಹಸ್ಯವೇನು?

ಮಿದುಳಿನ ಒಳಭಾಗದಲ್ಲಿ ಬಾದಾಮಿಯಾಕಾರದ ಎರಡು ಪುಟ್ಟ ನರಕೇಂದ್ರಗಳಿವೆ. ಅವಕ್ಕೆ ಅಮಿಗ್ಡಲ ಎಂದು ಹೆಸರು. ಅಪಾಯದ ಸುಳಿವನ್ನು ಗ್ರಹಿಸುವುದರಲ್ಲಿ ಇವುಗಳ ಪಾತ್ರ ಮುಖ್ಯವಾದುದು. ಇವುಗಳಿಂದ ಹೈಪೊಥಲಮಸ್ ಎಂಬ ಭಾಗಕ್ಕೆ ಎಚ್ಚರಿಕೆ ತಲಪಿದೊಡನೆ, ಅಲ್ಲಿಂದ ಎರಡು ಮಾರ್ಗಗಳಲ್ಲಿ ಆಜ್ಞೆ ಹೊರಡುತ್ತದೆ. ಮೊದಲನೆಯದು ನರಗಳ ಮಾರ್ಗ, ಬಲು ಶೀಘ್ರವಾದುದು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ದ್ರವವನ್ನು ರಕ್ತಕ್ಕೆ ಸುರಿಸುತ್ತವೆ. ಹೃದಯದ ಬಡಿತ ಏರುತ್ತದೆ, ಉಸಿರು ವೇಗವಾಗುತ್ತದೆ, ಜೀರ್ಣಾಂಗಗಳ ಕೆಲಸ ನಿಧಾನವಾಗಿ ಸ್ನಾಯುಗಳಿಗೆ ರಕ್ತ ಹೆಚ್ಚಾಗಿ ಹರಿಯುತ್ತದೆ. ಕಾದಾಡುವುದಕ್ಕೋ ಓಡಿಹೋಗುವುದಕ್ಕೋ ದೇಹ ನಡೆಸುವ ಈ ಸಿದ್ಧತೆಯನ್ನು ಅಮೆರಿಕದ ಶರೀರಕ್ರಿಯಾವಿಜ್ಞಾನಿ ವಾಲ್ಟರ್ ಕ್ಯಾನನ್ ೧೯೧೫ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಎರಡನೆಯದು ಹಾರ್ಮೋನುಗಳ ಮಾರ್ಗ, ಸ್ವಲ್ಪ ನಿಧಾನವಾದುದು. ಹೈಪೊಥಲಮಸ್ ಪಿಟ್ಯುಟರಿ ಗ್ರಂಥಿಯನ್ನು ಪ್ರಚೋದಿಸುತ್ತದೆ. ಪಿಟ್ಯುಟರಿ ಅಡ್ರಿನಲ್ ಗ್ರಂಥಿಯ ಹೊರಪದರವನ್ನು ಪ್ರಚೋದಿಸುತ್ತದೆ. ಅದರಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ಹೊರಡುತ್ತದೆ. ಅದು ರಕ್ತದಲ್ಲಿ ಸಕ್ಕರೆಯನ್ನು ಏರಿಸಿ ದೇಹಕ್ಕೆ ಇಂಧನವನ್ನು ಒದಗಿಸುತ್ತದೆ. ಸಾಕಷ್ಟು ಕಾರ್ಟಿಸಾಲ್ ಬಂದ ಮೇಲೆ ಅದೇ ಮಿದುಳಿಗೆ ಹಿಂದಿರುಗಿ 'ಇನ್ನು ಸಾಕು' ಎಂಬ ಸೂಚನೆಯನ್ನು ಕೊಡುತ್ತದೆ. ಆಗ ಎಲ್ಲವೂ ಮೊದಲಿನ ಸ್ಥಿತಿಗೆ ಇಳಿಯುತ್ತದೆ.

ಹೀಗೆ ಏರಿ ಇಳಿಯುವ ಆತಂಕದಿಂದ ಕೆಡುಕಿಲ್ಲ. ಕಲಿಕೆಗೆ ಸಹಾಯವೂ ಉಂಟು. ೧೯೦೮ರಲ್ಲಿ ಯರ್ಕ್ಸ್ ಮತ್ತು ಡಾಡ್‌ಸನ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಕಠಿನವಾದ ಪಾಠವನ್ನು ಇಲಿಗಳು ಬೇಗ ಕಲಿತದ್ದು ಪ್ರಚೋದನೆ ತೀರ ಕಡಿಮೆಯಿದ್ದಾಗಲೂ ಅಲ್ಲ, ತೀರ ಹೆಚ್ಚಿದ್ದಾಗಲೂ ಅಲ್ಲ, ನಡುಮಟ್ಟದಲ್ಲಿದ್ದಾಗ.

ಏರಿದ್ದು ಇಳಿಯದೆ ಹೋದರೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದವನ ಕಥೆ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಹ್ಯಾನ್ಸ್ ಸೆಲ್ಯೆ ಎಂಬಾತ ಪ್ರಾಗ್ ನಗರದಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದಾಗ ಒಂದು ವಿಷಯವನ್ನು ಗಮನಿಸಿದನು. ಗುರುಗಳು ಬೇರೆ ಬೇರೆ ರೋಗಗಳ ರೋಗಿಗಳನ್ನು ತೋರಿಸಿ ಆಯಾ ರೋಗದ ವಿಶೇಷ ಚಿಹ್ನೆಗಳನ್ನು ವರ್ಣಿಸುತ್ತಿದ್ದರು. ಸೆಲ್ಯೆಗಾದರೋ ಆ ರೋಗಿಗಳಲ್ಲಿ ಭೇದಕ್ಕಿಂತ ಸಾಮ್ಯವೇ ಎದ್ದು ಕಂಡಿತು: ಎಲ್ಲರೂ ಬಳಲಿದ್ದರು, ಹಸಿವು ಕೆಟ್ಟಿತ್ತು, ಮುಖದಲ್ಲಿ ಕಳೆಯಿರಲಿಲ್ಲ. ಮುಂದೆ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸಿ, ೧೯೩೬ರಲ್ಲಿ ಅವನು ತನ್ನ ನಿರ್ಣಯವನ್ನು ಪ್ರಕಟಿಸಿದನು. ಚಳಿಯಾಗಲಿ, ಗಾಯವಾಗಲಿ, ವಿಷವಾಗಲಿ, ಅತಿಶ್ರಮವಾಗಲಿ ಬಹುಕಾಲ ಮುಂದುವರಿದರೆ ದೇಹದ ಪ್ರತಿಕ್ರಿಯೆ ಒಂದೇ ಬಗೆಯದು: ಅಡ್ರಿನಲ್ ಗ್ರಂಥಿ ಊದುತ್ತದೆ, ರೋಗನಿರೋಧಕ್ಕೆ ಸಂಬಂಧಿಸಿದ ಥೈಮಸ್ ಗ್ರಂಥಿ ಕುಗ್ಗುತ್ತದೆ, ಜಠರದಲ್ಲಿ ಹುಣ್ಣುಗಳೇಳುತ್ತವೆ. ಇಂದು ಎಲ್ಲರ ಬಾಯಲ್ಲಿರುವ 'ಒತ್ತಡ' ಎಂಬ ಭಾವನೆಗೆ ವೈದ್ಯಶಾಸ್ತ್ರದಲ್ಲಿ ಸ್ಥಾನ ದೊರೆತದ್ದು ಈ ಕೆಲಸದಿಂದ.

ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳನ್ನು ಕಂಡವರಿಗೆ ಈ ವಿಷಯ ಸುಲಭವಾಗಿ ತಿಳಿಯುತ್ತದೆ. ಅಲ್ಲಿ ದಿನಕ್ಕೆರಡು ಬಾರಿ ಕಡಲ ಉಬ್ಬರದ ಉಪ್ಪುನೀರು ಏರಿ ಬರುತ್ತದೆ, ಇಳಿತದಲ್ಲಿ ಹಿಂದೆ ಸರಿಯುತ್ತದೆ. ಕಟ್ಟೆ, ತೂಬುಗಳಿಂದ ಅದನ್ನು ಹದದಲ್ಲಿಟ್ಟು ರೈತರು ಉಪ್ಪನ್ನು ತಾಳಬಲ್ಲ ಕಗ್ಗ ಭತ್ತವನ್ನು ಬೆಳೆದರು. ಉಬ್ಬರ ಬಂದದ್ದರಿಂದ ಪೈರು ಸಾಯಲಿಲ್ಲ. ಆದರೆ ಕಟ್ಟೆಯೊಡೆದು ಉಪ್ಪುನೀರು ದಿನಗಟ್ಟಲೆ ಗದ್ದೆಯಲ್ಲಿಯೇ ನಿಂತರೆ ಕಗ್ಗದಂಥ ಗಟ್ಟಿ ಪೈರಿಗೂ ಉಳಿವಿಲ್ಲ. ಆಗ 'ಪೈರು ದುರ್ಬಲವಾಗಿತ್ತು' ಎಂದು ಯಾವ ರೈತನೂ ಹೇಳುವುದಿಲ್ಲ. ಕಟ್ಟೆಯನ್ನೂ ತೂಬನ್ನೂ ನೋಡಲು ಹೋಗುತ್ತಾನೆ.

ವಿದ್ಯಾರ್ಥಿಗಳೇ ಪ್ರಯೋಗದ ವಸ್ತುವಾದಾಗ

ನಿಂತ ನೀರು ಏನು ಮಾಡುತ್ತದೆಂಬುದನ್ನು ವೈದ್ಯವಿದ್ಯಾರ್ಥಿಗಳಲ್ಲಿಯೇ ಅಳೆದು ನೋಡಿದ್ದಾರೆ. ಅಮೆರಿಕದ ಒಹಾಯೊ ರಾಜ್ಯದಲ್ಲಿ ಕೀಕೋಲ್ಟ್-ಗ್ಲೇಸರ್ ದಂಪತಿಗಳು ೧೯೮೦ರ ದಶಕದಲ್ಲಿ ವಿದ್ಯಾರ್ಥಿಗಳ ರಕ್ತವನ್ನು ಪರೀಕ್ಷೆಗೆ ಒಂದು ತಿಂಗಳು ಮುಂಚೆಯೂ ಪರೀಕ್ಷೆಯ ದಿನಗಳಲ್ಲಿಯೂ ತೆಗೆದು ಹೋಲಿಸಿದರು. ವೈರಸ್ ಸೋಂಕಿದ ಜೀವಕೋಶಗಳನ್ನು ಕೊಲ್ಲುವ ಒಂದು ಬಗೆಯ ಬಿಳಿಯ ರಕ್ತಕಣಗಳ ಶಕ್ತಿ ಪರೀಕ್ಷೆಯ ದಿನಗಳಲ್ಲಿ ಕುಂದಿತ್ತು. ೧೯೯೮ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಹನ್ನೊಂದು ಮಂದಿ ದಂತವೈದ್ಯ ವಿದ್ಯಾರ್ಥಿಗಳ ಅಂಗುಳಿನಲ್ಲಿ ಒಂದೇ ಅಳತೆಯ ಸಣ್ಣ ಗಾಯವನ್ನು ರಜೆಯಲ್ಲೊಮ್ಮೆ, ಪರೀಕ್ಷೆಯ ಕಾಲದಲ್ಲೊಮ್ಮೆ ಮಾಡಿದರು. ಪರೀಕ್ಷೆಯ ಕಾಲದ ಗಾಯ ಮಾಯಲು ಸರಾಸರಿ ಶೇಕಡ ೪೦ರಷ್ಟು ಹೆಚ್ಚು ಕಾಲ ಹಿಡಿಯಿತು. 'ಮನಸ್ಸಿನ ಒತ್ತಡ ಮನಸ್ಸಿನಲ್ಲಿಯೇ ಇರುತ್ತದೆ' ಎನ್ನುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಮಿದುಳಿನ ಮೇಲಾಗುವ ಪರಿಣಾಮವನ್ನು ೨೦೦೯ರಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳು ತೋರಿಸಿದರು. ದೊಡ್ಡ ಪರೀಕ್ಷೆಯೊಂದಕ್ಕೆ ಒಂದು ತಿಂಗಳು ಬಿಡುವಿಲ್ಲದೆ ಸಿದ್ಧರಾದ ಇಪ್ಪತ್ತು ವೈದ್ಯವಿದ್ಯಾರ್ಥಿಗಳಿಗೆ, ಗಮನವನ್ನು ಒಂದು ವಿಷಯದಿಂದ ಇನ್ನೊಂದಕ್ಕೆ ಹೊರಳಿಸುವ ಕೆಲಸ ಕಷ್ಟವಾಗಿತ್ತು. ವಿವೇಚನೆಗೆ ನೆಲೆಯಾದ ಮುಂಮಿದುಳಿನ ಭಾಗಗಳ ಪರಸ್ಪರ ಸಂಪರ್ಕ ಸಡಿಲಗೊಂಡಿದ್ದುದು ಚಿತ್ರಗಳಲ್ಲಿ ಕಂಡಿತು. ಪರೀಕ್ಷೆ ಮುಗಿದು ಒಂದು ತಿಂಗಳ ವಿರಾಮದ ಬಳಿಕ ಅವರನ್ನೇ ಮತ್ತೆ ಪರೀಕ್ಷಿಸಿದಾಗ ಆ ದೋಷ ಮಾಯವಾಗಿತ್ತು! ತರುಣ ಮಿದುಳಿಗೆ ಇಳಿತದ ಅವಕಾಶ ದೊರೆತರೆ ಅದು ತನ್ನನ್ನು ತಾನೇ ಸರಿಪಡಿಸಿಕೊಳ್ಳಬಲ್ಲದು. ವೈದ್ಯಕೀಯ ಶಿಕ್ಷಣದ ತೊಡಕಿರುವುದು ಇಲ್ಲಿಯೇ: ಅದರಲ್ಲಿ ಉಬ್ಬರದ ಮೇಲೆ ಉಬ್ಬರ ಬರುತ್ತದೆ, ಇಳಿತಕ್ಕೆ ಎಡೆಯಿರುವುದಿಲ್ಲ.

ಮೆಟ್ಟಿಲು ಮೆಟ್ಟಿಲಾಗಿ ಏರುವ ಹೊರೆ

ಹೊರೆ ಕಾಲೇಜಿಗೆ ಸೇರುವುದಕ್ಕೆ ಮುಂಚೆಯೇ ಆರಂಭವಾಗುತ್ತದೆ. ೨೦೨೪ರಲ್ಲಿ ನೀಟ್ ಪ್ರವೇಶ ಪರೀಕ್ಷೆಗೆ ಕುಳಿತವರು ೨೩ ಲಕ್ಷಕ್ಕೂ ಹೆಚ್ಚು, ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸ್ಥಾನಗಳು ಒಂದು ಲಕ್ಷಕ್ಕೆ ತುಸು ಮಿಕ್ಕಿದಷ್ಟು. ಈ ಸೋಸುವಿಕೆಯನ್ನು ದಾಟಿ ಬಂದವರೆಲ್ಲರೂ ತಮ್ಮ ತಮ್ಮ ಶಾಲೆಗಳಲ್ಲಿ ಮುಂದಿನ ಬೆಂಚಿನವರು. ಇಂಥ ನೂರೈವತ್ತು ಮಂದಿಯನ್ನು ಒಂದು ತರಗತಿಯಲ್ಲಿ ಕೂರಿಸಿ ಪರೀಕ್ಷೆ ನಡೆಸಿದರೆ, ಎಪ್ಪತ್ತೈದು ಮಂದಿ ಕೆಳಗಿನ ಅರ್ಧದಲ್ಲಿ ಇರಲೇಬೇಕು! ಇದು ಅಂಕಗಣಿತದ ನಿಯಮ; ಯಾರ ಬುದ್ಧಿಯೂ ಕುಂದಿದುದಲ್ಲ. ಆದರೆ ಜೀವಮಾನದಲ್ಲಿ ಮೊದಲ ಬಾರಿ ನೂರನೆಯ ಸ್ಥಾನಕ್ಕೆ ಬಂದ ಹುಡುಗಿಗೆ ಅಂಕಗಣಿತ ಸಮಾಧಾನ ತರುವುದಿಲ್ಲ. 'ನಾನು ಇಲ್ಲಿಗೆ ತಕ್ಕವಳಲ್ಲ. ಹೇಗೋ ಒಳಗೆ ಬಂದುಬಿಟ್ಟೆ. ಇಂದೋ ನಾಳೆಯೋ ಎಲ್ಲರಿಗೂ ಗೊತ್ತಾಗುತ್ತದೆ' ಎಂಬ ಅಳುಕು ಹುಟ್ಟುತ್ತದೆ. ೧೯೭೮ರಲ್ಲಿ ಇಬ್ಬರು ಮನೋವಿಜ್ಞಾನಿಗಳು ಬಹಳ ಸಾಧಿಸಿದ ಮಹಿಳೆಯರಲ್ಲಿ ಈ ಅಳುಕನ್ನು ಗುರುತಿಸಿ ವರ್ಣಿಸಿದರು. ಅದು ಹೆಂಗಸರಿಗಷ್ಟೇ ಸೀಮಿತವಾದುದಲ್ಲವೆಂದು ಅನಂತರ ತಿಳಿದುಬಂದಿತು.

ಭಾಷೆಯದೂ ಒಂದು ಹೊರೆ. ನಾವು ಹೇಳುತ್ತಿರುವ ಮೂರು ತಾಲ್ಲೂಕುಗಳಲ್ಲಿ ಮನೆಮಾತು ಹಲವು ಬಗೆ: ಕೆಲವರದು ಹವ್ಯಕ ಕನ್ನಡ, ಕೆಲವರದು ಕೊಂಕಣಿ, ಭಟ್ಕಳದ ಹಲವು ಮನೆಗಳಲ್ಲಿ ನವಾಯತಿ. ಶಾಲೆಯಲ್ಲಿ ಕನ್ನಡದಲ್ಲಿ ಓದಿದ ವಿದ್ಯಾರ್ಥಿಗೆ ವೈದ್ಯಕೀಯ ಕಾಲೇಜಿನಲ್ಲಿ ಸಾವಿರ ಪುಟಗಳ ಇಂಗ್ಲಿಷ್ ಗ್ರಂಥಗಳು ಎದುರಾಗುತ್ತವೆ. ಘಟ್ಟದ ಮೇಲಿನ ಆಸ್ಪತ್ರೆಗೆ ಹೋದರೆ ರೋಗಿಯ ಮಾತಿನ ಧಾಟಿಯೂ ಹೊಸದು. ತನ್ನ ದುಗುಡವನ್ನು ಹೇಳಿಕೊಳ್ಳಲು ಮನೆಮಾತಿನವರು ಹತ್ತಿರದಲ್ಲಿಲ್ಲ.

ಮೊದಲ ವರ್ಷದಲ್ಲಿ ಶವಚ್ಛೇದನ. ಮುಂದೆ ವಾರ್ಡುಗಳಲ್ಲಿ ನೋವು ಸಾವುಗಳ ದರ್ಶನ. ಓದುತ್ತಿರುವ ರೋಗವೆಲ್ಲ ತನಗೇ ಇದೆಯೆಂದು ಭ್ರಮಿಸುವುದು ವೈದ್ಯವಿದ್ಯಾರ್ಥಿಗಳಲ್ಲಿ ಎಷ್ಟು ಪ್ರಸಿದ್ಧವೆಂದರೆ, ಅದಕ್ಕೆ 'ವೈದ್ಯವಿದ್ಯಾರ್ಥಿಯ ರೋಗ' ಎಂಬ ಹೆಸರೇ ಬಿದ್ದಿದೆ. ಹೃದ್ರೋಗದ ಪಾಠವಾದ ವಾರ ಎದೆಯಲ್ಲಿ ಚಳುಕು. ಮಿದುಳಿನ ಗಡ್ಡೆಯ ಪಾಠವಾದ ವಾರ ತಲೆನೋವು! ಇದು ಸಾಮಾನ್ಯವಾಗಿ ತಾನಾಗಿ ಕಳೆಯುತ್ತದೆ, ನಗುವುದಕ್ಕೂ ವಿಷಯವಾಗುತ್ತದೆ.

ನಗುವಂತಿಲ್ಲದ ಘಟ್ಟ ಹೌಸ್‌ಸರ್ಜನ್ ಆದ ಮೇಲೆ ಬರುತ್ತದೆ. ನಾಲ್ಕೂವರೆ ವರ್ಷಗಳ ಪಾಠದ ಅನಂತರ ಒಂದು ವರ್ಷ ಆಸ್ಪತ್ರೆಯಲ್ಲಿ ಕಡ್ಡಾಯವಾಗಿ ದುಡಿಯಬೇಕು. ಈ ಘಟ್ಟವನ್ನು ಕುರಿತು ಅಮೆರಿಕದಲ್ಲಿ ನಡೆದು ೨೦೧೦ರಲ್ಲಿ ಪ್ರಕಟವಾದ ಅಧ್ಯಯನ ಬಹಳ ಬೆಲೆಯುಳ್ಳದ್ದು. ಅದರಲ್ಲಿ ೭೪೦ ಮಂದಿ ಹೊಸ ವೈದ್ಯರನ್ನು ಆಸ್ಪತ್ರೆಗೆ ಸೇರುವ ಮುಂಚೆ ಒಮ್ಮೆ, ಸೇರಿದ ಮೇಲೆ ವರ್ಷದುದ್ದಕ್ಕೂ ಹಲವು ಬಾರಿ ಪರೀಕ್ಷಿಸಿದರು. ಮೊದಲು ಖಿನ್ನತೆಯ ಗೆರೆಯನ್ನು ದಾಟಿದ್ದವರು ಶೇಕಡ ೩.೯, ಕೆಲಸದ ವರ್ಷದಲ್ಲಿ ಅವರ ಸರಾಸರಿ ಶೇಕಡ ೨೫.೭. ಅವರೇ ಜನ, ಅವೇ ಪ್ರಶ್ನೆಗಳು. ನಡುವೆ ಬದಲಾದದ್ದು ಅವರ ಕೆಲಸದ ಬಾಳು. ದುರ್ಬಲ ಮನಸ್ಸಿನವರು ಮಾತ್ರ ಖಿನ್ನತೆಗೆ ಒಳಗಾಗುತ್ತಾರೆಂಬ ವಾದ ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ.

ಈ ಬಾಳಿನಲ್ಲಿ ಮೊದಲು ಬಲಿಯಾಗುವುದು ನಿದ್ರೆ. ಹಗಲು ಕಲಿತದ್ದು ಮಿದುಳಿನಲ್ಲಿ ಗಟ್ಟಿಯಾಗುವುದು ನಿದ್ರೆಯಲ್ಲಿ. ಆದ್ದರಿಂದ ನಿದ್ರೆಗೆಟ್ಟು ಓದುವವನು ಒಂದು ಕೈಯಿಂದ ತುಂಬಿದ್ದನ್ನು ಇನ್ನೊಂದು ಕೈಯಿಂದ ಚೆಲ್ಲುತ್ತಾನೆ. ೧೯೯೭ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು, ಇಪ್ಪತ್ತನಾಲ್ಕು ಗಂಟೆ ಎಚ್ಚರವಿದ್ದವನ ಕೈಚಳಕ ರಕ್ತದಲ್ಲಿ ಶೇಕಡ ೦.೧೦ ಮದ್ಯಸಾರವಿರುವವನ ಮಟ್ಟಕ್ಕೆ ಇಳಿಯುತ್ತದೆಂದು ತೋರಿಸಿದರು. ಇದರಿಂದ ಅಪಾಯ ವೈದ್ಯನಿಗೊಬ್ಬನಿಗೇ ಅಲ್ಲ, ಅವನ ಮುಂದಿರುವ ರೋಗಿಗೂ ಉಂಟು.

ಬೇಜಾರು ಎಲ್ಲಿ ಮುಗಿಯುತ್ತದೆ?

ನಮ್ಮ ನುಡಿಯಲ್ಲಿ 'ಬೇಜಾರು' ಎಂಬ ಒಂದು ಮಾತಿದೆ. ಬಸ್ಸು ತಡವಾದರೂ ಬೇಜಾರು. ಅಂಕ ಕಡಿಮೆಯಾದರೂ ಬೇಜಾರು. ಬದುಕಿನಲ್ಲಿ ರುಚಿಯೇ ಇಲ್ಲವಾದರೂ ಬೇಜಾರು. ಕರಾವಳಿಯ 'ತಲೆಬಿಸಿ'ಯೂ ಹಾಗೆಯೇ. ಸಣ್ಣ ಚಿಂತೆಗೂ ದೊಡ್ಡ ಆತಂಕಕ್ಕೂ ಅದೊಂದೇ ಮಾತು. ಮಾತು ಒಂದೇ ಆದುದರಿಂದ ರೋಗವೂ ಅದರ ಮರೆಯಲ್ಲಿ ಅಡಗಿ ಕುಳಿತುಕೊಳ್ಳುತ್ತದೆ. ಹಾಸ್ಟೆಲಿನಿಂದ ಮಗಳು ಫೋನಿನಲ್ಲಿ 'ಬೇಜಾರು' ಎಂದರೆ, ತಾಯಿ 'ಎಲ್ಲರಿಗೂ ಆಗುತ್ತದೆ, ಸುಧಾರಿಸಿಕೋ' ಎಂದು ಹೇಳುವುದು ಸಹಜ.

ಹಾಗಾದರೆ ಬೇಸರಕ್ಕೂ ಖಿನ್ನತೆಗೂ ಭೇದವನ್ನು ತಿಳಿಯುವುದು ಹೇಗೆ? ವೈದ್ಯರು ಮೂರು ಅಂಶಗಳನ್ನು ನೋಡುತ್ತಾರೆ. ಮೊದಲನೆಯದು ಕಾಲ: ದುಗುಡವಾಗಲಿ, ಎಲ್ಲದರಲ್ಲಿಯೂ ಆಸಕ್ತಿ ಸತ್ತುಹೋದ ಸ್ಥಿತಿಯಾಗಲಿ, ದಿನದ ಬಹುಭಾಗ, ಹೆಚ್ಚುಕಡಿಮೆ ಪ್ರತಿದಿನವೂ, ಎರಡು ವಾರಕ್ಕೆ ಕಡಿಮೆಯಿಲ್ಲದಂತೆ ಮುಂದುವರಿದಿದೆಯೇ? ಎರಡನೆಯದು ಜೊತೆಗಿನ ಲಕ್ಷಣಗಳು: ನಿದ್ರೆ ಹಸಿವುಗಳ ಏರುಪೇರು, ಕಾರಣವಿಲ್ಲದ ಬಳಲಿಕೆ, ಏಕಾಗ್ರತೆಯ ನಾಶ, ತಾನು ಯಾವುದಕ್ಕೂ ಬಾರದವನೆಂಬ ಭಾವನೆ, ಸಾವಿನ ಯೋಚನೆ. ಮೂರನೆಯದು ಪರಿಣಾಮ: ತರಗತಿ, ಊಟ, ಸ್ನಾನ, ಸ್ನೇಹ ಇವು ಕೆಡುತ್ತಿವೆಯೇ? ಆತಂಕದ ರೋಗಕ್ಕೂ ಇಂಥದೇ ಅಳತೆ. ಪರೀಕ್ಷೆಯ ಬೆಳಗ್ಗೆ ಎದೆ ಬಡಿದುಕೊಂಡರೆ ಅದು ಕಾವಲು. ಪರೀಕ್ಷೆ ಮುಗಿದು ತಿಂಗಳುಗಳಾದರೂ ಬಡಿತ ನಿಲ್ಲದೆ, ಏನೋ ಕೇಡಾಗುತ್ತದೆಂಬ ಭೀತಿ ಬಿಡದೆ ಹೋದರೆ ಅದು ರೋಗ.

ಖಿನ್ನತೆಗೆ ಮಿದುಳಿನಲ್ಲಿ ಯಾವುದೋ ಒಂದು ರಾಸಾಯನಿಕ ಕಡಿಮೆಯಾದದ್ದೇ ಕಾರಣವೆಂಬ ಸರಳ ವಿವರಣೆಯನ್ನು ವಿಜ್ಞಾನಿಗಳು ಈಗ ಒಪ್ಪುವುದಿಲ್ಲ. ಅನುವಂಶೀಯತೆ, ಬಾಲ್ಯದ ಅನುಭವ, ಹಾರ್ಮೋನುಗಳು, ನಿದ್ರೆ, ಸುತ್ತಲಿನ ಬಾಳು ಎಲ್ಲವೂ ಅಲ್ಲಿ ಹೆಣೆದುಕೊಂಡಿರುತ್ತವೆ.

ವೈದ್ಯನೇ ವೈದ್ಯನ ಬಳಿಗೆ ಹೋಗಲೊಲ್ಲ

ಮೇಲೆ ಹೇಳಿದ ೨೦೧೬ರ ವಿಮರ್ಶೆಯಲ್ಲಿ ಎಲ್ಲಕ್ಕಿಂತ ಮನಸ್ಸಿಗೆ ನಾಟುವ ಅಂಕಿ ಇನ್ನೊಂದಿದೆ. ಖಿನ್ನತೆಯ ಲಕ್ಷಣಗಳು ಕಂಡುಬಂದ ವಿದ್ಯಾರ್ಥಿಗಳಲ್ಲಿ ಚಿಕಿತ್ಸೆಯನ್ನು ಅರಸಿಕೊಂಡು ಹೋದವರು ಶೇಕಡ ೧೫.೭ ಮಾತ್ರ! ಆಸ್ಪತ್ರೆಯ ಆವರಣದಲ್ಲಿಯೇ ವಾಸ, ಮನೋವೈದ್ಯರೇ ಗುರುಗಳು, ರೋಗದ ಲಕ್ಷಣಗಳೆಲ್ಲ ಕಂಠಪಾಠ. ಆದರೂ ಆರರಲ್ಲಿ ಐವರು ಮೌನ. ಕಾರಣಗಳು ಊಹೆಗೆ ನಿಲುಕದವಲ್ಲ. ಗುರುಗಳಿಗೆ ಗೊತ್ತಾದರೆ ಏನೆಂದುಕೊಂಡಾರು, ಸಹಪಾಠಿಗಳು ನಕ್ಕಾರು, ಮುಂದೆ ಉದ್ಯೋಗಕ್ಕೆ ಅಡ್ಡಿಯಾದೀತು, ಊರಿಗೆ ಸುದ್ದಿ ಹೋದರೆ ತಂದೆತಾಯಿಗಳ ಮುಖ ಬಾಡೀತು. ವೈದ್ಯನಾದವನು ಬಳಲಬಾರದೆಂಬ ಹಳೆಯ ಭಾವನೆಯೂ ಇದರ ಜೊತೆಗೆ ಸೇರುತ್ತದೆ. ಊರು ಇಟ್ಟ ನಿರೀಕ್ಷೆಯೇ ಹೀಗೆ ಬಾಯಿಗೆ ಬೀಗವಾಗುತ್ತದೆ.

ಈ ಭೀತಿಗಳಲ್ಲಿ ಕೆಲವಕ್ಕೆ ಆಧಾರವಿಲ್ಲ. ೨೦೧೭ರ ಮಾನಸಿಕ ಆರೋಗ್ಯಪಾಲನಾ ಕಾನೂನು ಚಿಕಿತ್ಸೆ ಪಡೆದವನ ವಿವರಗಳನ್ನು ಗೋಪ್ಯವಾಗಿಡುವ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿದೆ. ಚಿಕಿತ್ಸೆ ಪಡೆದು ಗುಣವಾದ ವೈದ್ಯ ವೃತ್ತಿಯಲ್ಲಿ ಹಿಂದೆ ಬೀಳಬೇಕಾದುದಿಲ್ಲ. ಚಿಕಿತ್ಸೆಯಿಲ್ಲದೆ ಬಳಲುವವನೇ ಹಿಂದೆ ಬೀಳುವ ಸಂಭವ ಹೆಚ್ಚು.

ತೂಬನ್ನು ತೆರೆಯುವ ಉಪಾಯಗಳು

ಕೆಲವು ಉಪಾಯಗಳು ವಿದ್ಯಾರ್ಥಿಯ ಕೈಯಲ್ಲಿವೆ. ಏಳೆಂಟು ಗಂಟೆಯ ನಿದ್ರೆ,

ದಿನಕ್ಕೊಮ್ಮೆ ಬೆವರುವಷ್ಟು ನಡಿಗೆ ಅಥವಾ ಆಟ, ವಾರದಲ್ಲಿ ಒಂದು ಹೊತ್ತಾದರೂ ಪುಸ್ತಕಕ್ಕೆ ಸಂಬಂಧವಿಲ್ಲದ ಒಂದು ಪ್ರೀತಿಯ ಕೆಲಸ, ಮನಸ್ಸು ಬಿಚ್ಚಿ ಮಾತಾಡಲು ಒಬ್ಬ ಗೆಳೆಯ. ಇವು ಅಜ್ಜಿಯ ಬುದ್ಧಿವಾದದಂತೆ ಕೇಳಿಸಿದರೂ, ಏರಿದ ಕಾವಲನ್ನು ಇಳಿಸುವ ಸಾಧನಗಳು ಇವೇ.

ರೋಗವೇ ಆಗಿದ್ದರೆ ಇಷ್ಟು ಸಾಲದು, ಚಿಕಿತ್ಸೆ ಬೇಕು. ೧೯೬೦ರ ದಶಕದಲ್ಲಿ ಅಮೆರಿಕದ ಏರನ್ ಬೆಕ್ ರೂಪಿಸಿದ ಮಾತಿನ ಚಿಕಿತ್ಸೆಯೊಂದರಲ್ಲಿ, 'ನಾನು ಒಂದು ವಿಷಯದಲ್ಲಿ ನಪಾಸಾದೆ. ಆದ್ದರಿಂದ ನಾನು ನಿಷ್ಪ್ರಯೋಜಕ' ಎಂಬಂಥ ಯೋಚನೆಯ ಸರಪಳಿಯನ್ನು ರೋಗಿಯೇ ಕೊಂಡಿ ಕೊಂಡಿಯಾಗಿ ಪರೀಕ್ಷಿಸಿ ನೋಡುವಂತೆ ಮಾಡುತ್ತಾರೆ. ಅವಶ್ಯವಾದಾಗ ಔಷಧಗಳೂ ಉಂಟು. ಅವುಗಳ ಗುಣ ತೋರಲು ಕೆಲವು ವಾರಗಳು ಹಿಡಿಯುತ್ತವೆ. ಮೊದಲ ವಾರದಲ್ಲಿಯೇ ಫಲವಿಲ್ಲವೆಂದು ಬಿಡಬಾರದು, ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಲೂ ಬಾರದು.

ಮಿಕ್ಕ ಉಪಾಯಗಳು ಸಂಸ್ಥೆಗಳ ಕೈಯಲ್ಲಿವೆ. ಅಮೆರಿಕದಲ್ಲಿ ೨೦೦೩ರಿಂದ ತರಬೇತಿಯ ವೈದ್ಯರ ದುಡಿಮೆಗೆ ವಾರಕ್ಕೆ ೮೦ ಗಂಟೆಯ ಮಿತಿಯನ್ನು ಹಾಕಿದರು. ನಮ್ಮ ಕಾರ್ಯಪಡೆಯ ಸಲಹೆ ವಾರಕ್ಕೆ ೭೪ ಗಂಟೆ ಮೀರದ ದುಡಿಮೆ, ವಾರಕ್ಕೊಂದು ರಜೆ, ದಿನಕ್ಕೆ ಏಳೆಂಟು ಗಂಟೆ ನಿದ್ರೆ. ೨೦೧೯ರಲ್ಲಿ ಜಾರಿಗೆ ಬಂದ ಪಠ್ಯಕ್ರಮ, ಹೊಸ ವಿದ್ಯಾರ್ಥಿ ಹೊಸ ಬಾಳಿಗೆ ಹೊಂದಿಕೊಳ್ಳಲೆಂದು ಆರಂಭದಲ್ಲಿಯೇ ಒಂದು ಪೂರ್ವಸಿದ್ಧತೆಯ ಅವಧಿಯನ್ನು ಸೇರಿಸಿತು. ಕಟ್ಟೆಯನ್ನು ನೋಡಿಕೊಳ್ಳುವುದು ಪೈರಿನ ಕೆಲಸವಲ್ಲವೆಂಬ ತಿಳಿವು ಇವುಗಳಲ್ಲಿ ಕಾಣುತ್ತದೆ. ಸಲಹೆ ಕಾಗದದಿಂದ ವಾರ್ಡಿಗೆ ಇಳಿಯಬೇಕಾದುದು ಮುಖ್ಯ.

ಸಹಾಯವನ್ನು ಪಡೆಯಲು ಈಗ ದೂರ ಹೋಗಬೇಕಾಗಿಲ್ಲ. ನಿಮ್ಹಾನ್ಸ್ ಸಂಸ್ಥೆ ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಮಾನಸಿಕ ಚಿಕಿತ್ಸೆಯನ್ನು ಸಾಮಾನ್ಯ ಆರೋಗ್ಯಕೇಂದ್ರಗಳಿಗೆ ಕೊಂಡೊಯ್ಯುವ ಪ್ರಯೋಗವನ್ನು ನಡೆಸಿತು. ೧೯೯೬ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ ೧೪೪೧೬ ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಿಯಾದರೂ ಹಣವಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ಗೆಳೆಯನೊಬ್ಬ 'ನಾನಿಲ್ಲದಿದ್ದರೇ ಒಳ್ಳೆಯದಿತ್ತು' ಎಂಬ ಧಾಟಿಯಲ್ಲಿ ನುಡಿದರೆ, ಅದನ್ನು ಹಾಸ್ಯವೆಂದು ತಳ್ಳಿಹಾಕದೆ, ನೇರವಾಗಿ ಕೇಳುವುದು, ಅವನನ್ನು ಒಬ್ಬನೇ ಬಿಡದಿರುವುದು, ವೈದ್ಯರ ಬಳಿಗೆ ಜೊತೆಯಲ್ಲಿ ಹೋಗುವುದು ನಮ್ಮ ಕರ್ತವ್ಯ. ಕೇಳಿದರೆ ಆ ಯೋಚನೆ ಅವನ ತಲೆಗೆ ಹೊಸದಾಗಿ ಹೊಕ್ಕೀತೆಂಬ ಭಯ ಬೇಡ. ಕೇಳಿದುದರಿಂದ ಅನೇಕರಿಗೆ ಹಗುರವೆನಿಸುತ್ತದೆ.

ಈ ಲೇಖನವನ್ನು ಓದುವ ಹೈಸ್ಕೂಲು ಮತ್ತು ಕಾಲೇಜಿನ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಬಿಳಿಯ ಕೋಟನ್ನು ತೊಡುವವರು. ಉಳಿದವರಿಗೂ ಅಂಥ ಅಣ್ಣನೋ ಅಕ್ಕನೋ ಗೆಳತಿಯೋ ಇರಬಹುದು. ಆಯ್ದುಕೊಂಡ ದಾರಿ ಕಠಿನವಾದುದೆಂದು ತಿಳಿದು ಹೊರಡುವುದರಲ್ಲಿ ಭಯಪಡತಕ್ಕದ್ದೇನೂ ಇಲ್ಲ. ದಾರಿಯಲ್ಲಿ ಬಳಲಿದಾಗ ಅದಕ್ಕೆ ಹೆಸರಿದೆ, ಕಾರಣವಿದೆ, ಚಿಕಿತ್ಸೆಯಿದೆ ಎಂಬುದನ್ನು ನೆನಪಿಟ್ಟರೆ ಸಾಕು. ರಜೆಯಲ್ಲಿ ಊರಿಗೆ ಬಂದ ವೈದ್ಯವಿದ್ಯಾರ್ಥಿಯನ್ನು 'ಎಷ್ಟು ಅಂಕ ಬಂತು?' ಎಂದು ಎಲ್ಲರೂ ಕೇಳುತ್ತಾರೆ. 'ಸರಿಯಾಗಿ ನಿದ್ರೆ ಬರುತ್ತದೆಯೇ?' ಎಂದು ನಾವು ಒಬ್ಬರಾದರೂ ಕೇಳೋಣ.